ಹಿಡಿಕೆಗೆ ಎಷ್ಟು ಸೆಕೆಂಡು

ಯಾರಾದರೂ ಕೈಕೆಲಸ ಮಾಡುವುದನ್ನು ಕಂಡರೆ ಸಾಕು, ಮಹಾಲಿಂಗಪ್ಪನವರ ಬಲಗೈ ಹೆಬ್ಬೆರಳು ತಾನಾಗಿಯೇ ಅಲುಗುತ್ತಿತ್ತು. ಮೂವತ್ತೊಂದು ವರ್ಷ ಸ್ಟಾಪ್‌ವಾಚಿನ ಗುಂಡಿ ಒತ್ತಿದ ಹೆಬ್ಬೆರಳು ಅದು. ಒಮ್ಮೆ ಹೆಂಡತಿ ಸುಶೀಲಾಬಾಯಿ ರೊಟ್ಟಿ ಬಡಿಯುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹಿಟ್ಟಿನ ಡಬ್ಬಿ ಎಡಕ್ಕ ಇಟ್ರ ಒಂದೊಂದು ರೊಟ್ಟಿಗೆ ಎರಡೆರಡು ಸೆಕೆಂಡ್ ಉಳೀತಾವ ನೋಡು" ಎಂದು ಹೇಳಿ, ಅವತ್ತಿನ ರೊಟ್ಟಿಯನ್ನು ತಾವೇ ಬಡಿದುಕೊಂಡಿದ್ದರು. ಆಮೇಲೆ ಮನೆಯಲ್ಲಿ ವಾಚಿನ ಮಾತು ತೆಗೆಯಲಿಲ್ಲ. ಹೆಬ್ಬೆರಳು ಮಾತ್ರ ಅಲುಗುವುದನ್ನು ಬಿಡಲಿಲ್ಲ.

ಸ್ಟುಟ್‌ಗಾರ್ಟಿನ ಫೊಯರ್‌ಬಾಕ್‌ನಲ್ಲಿ ಎಲ್ಲರಿಗೂ ಗೊತ್ತಿರುವ ದೊಡ್ಡ ಕಾರ್ಖಾನೆಯೊಂದಿದೆ. ಅವರದು ಅದಲ್ಲ, ಎರಡು ಬೀದಿ ಆಚೆಗಿನ ಸಣ್ಣ ಪಂಪ್ ಕಾರ್ಖಾನೆ. ಬೇರೆಯವರು ಕೆಲಸ ಮಾಡುವುದನ್ನು ನೋಡುವುದೇ ಅಲ್ಲಿ ಅವರ ಕೆಲಸ. ಒಬ್ಬನ ಕೈ ಯಾವಾಗ ಎದ್ದಿತು, ಎಲ್ಲಿಗೆ ಹೋಯಿತು, ಎಷ್ಟು ಹೊತ್ತು ಸುಮ್ಮನಿತ್ತು, ಎಲ್ಲವನ್ನೂ ಸೆಕೆಂಡಿನ ಲೆಕ್ಕದಲ್ಲಿ ಹಾಳೆಗೆ ಇಳಿಸಬೇಕು. ಹಾಳೆಯಲ್ಲಿ ಹೆಸರುಗಳಿರುವುದಿಲ್ಲ. ಏಳನೆಯ ಮೇಜಿನಲ್ಲಿ ಇಬ್ಬರಿದ್ದರೆ ಏಳು ಎ, ಏಳು ಬಿ. ಕೊನೆಯ ಕಾಲಮ್ಮಿನ ತಲೆಯ ಮೇಲೆ 'ಕಾಯುವಿಕೆ' ಎಂದು ಅಚ್ಚಾಗಿರುತ್ತದೆ. ಆ ಕಾಲಮ್ಮಿನಲ್ಲಿ ದೊಡ್ಡ ಅಂಕಿ ಬಂದವರು ಬಹಳ ದಿನ ಆ ಮೇಜಿನಲ್ಲಿ ಉಳಿಯುತ್ತಿರಲಿಲ್ಲ. ಅದಕ್ಕೇ ಮಹಾಲಿಂಗಪ್ಪ ಶೆಡ್ಡಿನೊಳಗೆ ಬಂದರೆ ಜನ ತುಟಿ ಪಿಟಕ್ಕೆನ್ನದೆ ಕೈ ಚುರುಕು ಮಾಡುತ್ತಿದ್ದರು. ಅವರು ಕೆಟ್ಟವರೇನಲ್ಲ. ಯಾರನ್ನೂ ಬೈದವರಲ್ಲ, ಒಂದು ಸೆಕೆಂಡು ಹೆಚ್ಚು ಬರೆದವರಲ್ಲ, ಕಡಿಮೆ ಬರೆದವರೂ ಅಲ್ಲ. "ನನ್ನ ಅಂಕಿ ಸುಳ್ಳು ಹೇಳಂಗಿಲ್ಲ" ಎನ್ನುವುದು ಅವರ ಒಂದೇ ಒಂದು ಜಂಬ. ಮನುಷ್ಯನಿಗೆ ಅಷ್ಟಾದರೂ ಜಂಬ ಇರಲಿ ಎಂದು ದೇವರೂ ಸುಮ್ಮನಿದ್ದ.

ಮಗಳು ಸಂಜನಾ ಹುಟ್ಟಿದ್ದು ಬೆಳೆದದ್ದು ಅಲ್ಲೇ. ಅಪ್ಪನ ಹಾಗೆ ಎಂಜಿನಿಯರ್ ಆಗುತ್ತಾಳೆಂದು ಎಲ್ಲರೂ ತಿಳಿದಿದ್ದಾಗ ಕಲೋನ್‌ಗೆ ಹೋಗಿ ಹಳೆಯ ಗಾಜಿನ ಪಾತ್ರೆಗಳ ಹಿಂದೆ ಬಿದ್ದಳು. ಕಲೋನ್‌ನಲ್ಲಿ ಎಲ್ಲಿ ಅಗೆದರೂ ರೋಮನ್ನರ ಕಾಲದ ಗಾಜು ಸಿಗುತ್ತದೆ. ಅವಳ ಡಾಕ್ಟರಾರ್ಬೈಟ್, ಅಂದರೆ ಪಿಎಚ್.ಡಿ.ಯ ಪ್ರಬಂಧ, ಊದಿದ ಹೂಜಿಗಳಿಗೆ ಆ ಜನ ಹಿಡಿಕೆ ಹೇಗೆ ಕೂರಿಸುತ್ತಿದ್ದರು ಎಂಬ ವಿಷಯದ ಮೇಲೆ. ಮೂರು ವರ್ಷ ಹಿಡಿಕೆಯ ಮೇಲೆಯೇ ಕಳೆಯಬಹುದು ಎನ್ನುವುದನ್ನು ಮಹಾಲಿಂಗಪ್ಪ ಮೊದಲ ವರ್ಷ ನಂಬಿರಲಿಲ್ಲ, ಎರಡನೆಯ ವರ್ಷ ನಂಬಿದರು, ಮೂರನೆಯ ವರ್ಷ ಕೇಳುವುದನ್ನು ಬಿಟ್ಟರು.

ಆಗಸ್ಟ್ ಕೊನೆಗೆ ಅವಳೇ ಫೋನ್ ಮಾಡಿದಳು.

"ಅಪ್ಪಾ, ನೀ ಸ್ಟಾಪ್‌ವಾಚ್ ತಗೊಂಡು ಬರ್ತೀಯಾ? ಫೋರ್ ಡೇಸ್. ಐ ನೀಡ್ ಯೂ."

ಮಗಳ ಬಾಯಲ್ಲಿ ಆ ಕೊನೆಯ ಮಾತು ಬಂದು ಎಷ್ಟೋ ವರ್ಷವಾಗಿತ್ತು. ಮಹಾಲಿಂಗಪ್ಪ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

ವಿಷಯ ಇಷ್ಟು. ಅಂದಿನ ಕೆಲವು ಪಾತ್ರೆಗಳ ಮೇಲೆ ಗಾಜಿನ ಕುಲುಮೆಯ ಒಡೆಯನ ಹೆಸರು ಅಚ್ಚಾಗಿರುತ್ತದೆ. ಪಕ್ಕದಲ್ಲಿ ನಿಂತು ಕೈಜೋಡಿಸಿದವರ ಹೆಸರು ಎಲ್ಲಿಯೂ ಇಲ್ಲ. ಸಂಜನಾ ಹೇಳುವುದೇನೆಂದರೆ, ಹೆಸರಿಲ್ಲದ ಆ ಎರಡನೆಯ ಮನುಷ್ಯ ಇಲ್ಲದೆ ಹಿಡಿಕೆಯೇ ಇಲ್ಲ. ಹೂಜಿ ಊದಲು ಒಬ್ಬ ಸಾಕು, ಹಿಡಿಕೆಗೆ ಇಬ್ಬರು ಬೇಕೇ ಬೇಕು. ಅವಳ ಪ್ರಬಂಧ ನಿಂತದ್ದೇ ಈ ಒಂದು ಮಾತಿನ ಮೇಲೆ. ಮಾರ್ಗದರ್ಶಕಿ ಓದಿ, "ಚೆನ್ನಾಗಿದೆ, ಆದರೆ ಇದು ಕಥೆ. ಅಂಕಿ ತೆಗೆದುಕೊಂಡು ಬಾ" ಎಂದಿದ್ದರು. ಸಲ್ಲಿಸಲು ಐದು ವಾರ ಉಳಿದಿತ್ತು.

"ಬರ್ತೀನಿ" ಎಂದರು ಮಹಾಲಿಂಗಪ್ಪ. "ಆದ್ರ ಒಂದ್ ಮಾತು. ಅಂಕಿ ಏನ್ ಬರ್ತದೋ ಅದನ್ನ ಹಾಕಬೇಕು. ನಿನಗ ಬೇಕಾದ್ದು ಬರಲಿಲ್ಲ ಅಂತ ತಿದ್ದಂಗಿಲ್ಲ."

"ನಾತ್ಯೂರ್ಲಿಷ್, ಖಂಡಿತಾ ಅಪ್ಪಾ. ಪ್ರಾಮಿಸ್."

ಅವಳಿಗೆ ತನ್ನ ಮಾತಿನ ಮೇಲೆ ಅಷ್ಟು ನಂಬಿಕೆ, ಅವರಿಗೆ ತಮ್ಮ ವಾಚಿನ ಮೇಲೆ.

ಹೊರಡುವ ಮುನ್ನಿನ ಶನಿವಾರ ಎಂದಿನಂತೆ ಫೊಯರ್‌ಬಾಕ್‌ನ ವಾರದ ಸಂತೆಗೆ ಹೋದಾಗ, ಎಂದಿನಂತೆ ಬ್ರಾಂಕೊ ಸಿಕ್ಕಿದ. ಬ್ರಾಂಕೊ ಕ್ರೊಯೇಷಿಯಾದವನು, ಐದು ವರ್ಷದ ಹಿಂದಿನವರೆಗೆ ಅದೇ ಪಂಪ್ ಕಾರ್ಖಾನೆಯ ಹನ್ನೊಂದನೆಯ ಮೇಜಿನಲ್ಲಿದ್ದವನು. ಮಹಾಲಿಂಗಪ್ಪನವರ ಹಾಳೆಯ ನಂತರ ಆ ಮೇಜಿಗೆ ಒಬ್ಬರೇ ಸಾಕೆಂದಾಗಿ, ಅವನಿಗೆ ಮುಂಚಿತವಾಗಿ ಪಿಂಚಣಿ ಕೊಟ್ಟು ಕಳಿಸಿದ್ದರು. ಅದು ಕೆಲಸದಿಂದ ತೆಗೆದದ್ದಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. "ಗ್ರೂಸ್ ಗಾಟ್, ಹೆರ್ ಮಹಾಲಿಂಗಪ್ಪ" ಎಂದು ಅವನು ಪ್ರತಿ ಶನಿವಾರ ಟೋಪಿ ಮುಟ್ಟಿ ನಮಸ್ಕಾರ ಹೇಳುತ್ತಿದ್ದ. ಇವರೂ ತಲೆಬಾಗುತ್ತಿದ್ದರು. ಅವನು ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ. ಅವನು ಬೈಯುತ್ತಿರಲಿಲ್ಲ, ಈರುಳ್ಳಿ ಆರಿಸುತ್ತಿದ್ದ.

ಹೂಜಿ ಮಾಡಿಸಿ ಅಳೆಯಬೇಕಿದ್ದ ಗಾಜಿನ ಕುಲುಮೆ ಇದ್ದದ್ದು ಕಲೋನ್‌ನಿಂದ ಒಂದು ಗಂಟೆ ದೂರದ ಹಳ್ಳಿಯೊಂದರ ಹೊರಗೆ, ಸೇಬಿನ ತೋಟದ ಅಂಚಿನಲ್ಲಿ. ರೋಮನ್ನರ ಕಾಲದಲ್ಲಿ ಇದ್ದಿರಬಹುದಾದ ಹಾಗೆ ಮಣ್ಣಿನಲ್ಲಿ ಕಟ್ಟಿ, ವರ್ಷಕ್ಕೊಮ್ಮೆ ಒಂದು ವಾರ ಬೀಚ್ ಮರದ ಸೌದೆ ಹಾಕಿ ಉರಿಸುತ್ತಿದ್ದರು. ಕುಲುಮೆಗೆ ಎರಡು ಬಾಯಿ. ಊದುವವನು ಎಕ್‌ಹಾರ್ಟ್, ಅರವತ್ತೈದು ದಾಟಿದ ಒರಟು ಮನುಷ್ಯ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನ ಕೈಕೆಳಗೆ ಅವನ ತಂಗಿ ಗೆರ್ಲಿಂಡೆ. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಅಣ್ಣನ ಜೊತೆ ಸೇರಿಕೊಂಡವಳು.

ಸುಶೀಲಾಬಾಯಿಯೂ ಬಂದಿದ್ದರು. ಗಾಜಿಗಾಗಿ ಅಲ್ಲ, ಮಗಳನ್ನು ನೋಡಿ ನಾಲ್ಕು ತಿಂಗಳಾಗಿತ್ತು. ಶೇಂಗಾ ಚಟ್ನಿ, ಕಟಕ ರೊಟ್ಟಿ ಕಟ್ಟಿಕೊಂಡು ಬಂದು ಸೇಬಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡರು.

ಗುರುವಾರ ಬೆಳಿಗ್ಗೆ ಮಹಾಲಿಂಗಪ್ಪ ಹಲಗೆಗೆ ಹಾಳೆ ಸಿಕ್ಕಿಸಿ ಕುಲುಮೆಯಿಂದ ಮೂರು ಹೆಜ್ಜೆ ದೂರ ನಿಂತರು. ಕೆಲಸದ ಕ್ರಮ ಅರ್ಥವಾಗಲು ಅವರಿಗೆ ಎರಡು ಹೂಜಿ ಸಾಕಾಯಿತು. ಎಕ್‌ಹಾರ್ಟ್ ಊದಿ, ಹೂಜಿಯ ತಳವನ್ನು ಒಂದು ಕಬ್ಬಿಣದ ಸರಳಿಗೆ ಅಂಟಿಸಿ, ಅಂಚು ಮಡಿಸುತ್ತಾನೆ. ಅಷ್ಟರಲ್ಲಿ ಹೂಜಿ ಸ್ವಲ್ಪ ತಣಿದಿರುತ್ತದೆ. ಅದನ್ನು ಮತ್ತೆ ಒಂದನೆಯ ಬಾಯೊಳಗೆ ಇಟ್ಟು ತಿರುಗಿಸುತ್ತಾನೆ. ಗೆರ್ಲಿಂಡೆ ಎರಡನೆಯ ಬಾಯಲ್ಲಿ ಇನ್ನೊಂದು ಸರಳಿನ ತುದಿಗೆ ಲಿಂಬೆಹಣ್ಣಿನಷ್ಟು ಗಾಜು ಸುತ್ತಿಕೊಂಡು ನಿಲ್ಲುತ್ತಾಳೆ. ನಿಲ್ಲುತ್ತಾಳೆ, ನಿಲ್ಲುತ್ತಾಳೆ. ಆಮೇಲೆ ಯಾರೂ ಏನೂ ಹೇಳದೆಯೇ ಇಬ್ಬರೂ ಒಟ್ಟಿಗೆ ಹೊರಗೆ ಬರುತ್ತಾರೆ. ಅವಳು ಸರಳು ಇಳಿಸುತ್ತಾಳೆ, ಬಿಸಿ ಗಾಜು ಹೂಜಿಯ ಭುಜದ ಮೇಲೆ ಕೂರುತ್ತದೆ. ಎಕ್‌ಹಾರ್ಟ್ ಇಕ್ಕಳದಲ್ಲಿ ಹಿಡಿದು ಮೇಲಕ್ಕೆಳೆದು, ಬಗ್ಗಿಸಿ, ಕೊರಳಿಗೆ ಅಂಚಿನ ಕೆಳಗೆ ಒತ್ತಿ, ಉಳಿದ ಬಾಲವನ್ನು ಹಿಂದಕ್ಕೆ ಮಡಚಿ ಕಿತ್ತುಬಿಡುತ್ತಾನೆ. ಹಿಡಿಕೆ ಮುಗಿಯಿತು. ತಿದ್ದಲು ಸಮಯವಿಲ್ಲ, ತಿದ್ದಿದರೆ ಕೆಡುತ್ತದೆ.

"ಕೆಳಗಿಂದ ಮ್ಯಾಲ, ನೋಡ್ದಿ?" ಎಂದಳು ಸಂಜನಾ. "ಎಲ್ಲಾ ಮ್ಯೂಸಿಯಂ ಪೀಸಸ್‌ನಾಗೂ ಹಂಗ. ಕೆಳಗ ದಪ್ಪ, ಮ್ಯಾಲ ಸಣ್ಣ."

ಮಹಾಲಿಂಗಪ್ಪನವರ ಕಣ್ಣು ಹಿಡಿಕೆಯ ಮೇಲಿರಲಿಲ್ಲ, ಗೆರ್ಲಿಂಡೆಯ ಮೇಲಿತ್ತು. ಆ ದಿನ ಹನ್ನೆರಡು ಹಿಡಿಕೆ ಅಳೆದರು. ಒಂದು ಹಿಡಿಕೆಗೆ ಸರಾಸರಿ ಐವತ್ತೆಂಟು ಸೆಕೆಂಡು. ಅದರಲ್ಲಿ 'ಬಿ' ಸುಮ್ಮನೆ ನಿಂತದ್ದು ಮೂವತ್ತೆಂಟು. ಕೊನೆಯ ಕಾಲಮ್ಮಿನಲ್ಲಿ ಮೂವತ್ತೆಂಟು ಎಂದು ಬರೆದಾಗ ಅವರಿಗೆ ಹೊಸದೇನೂ ಅನ್ನಿಸಲಿಲ್ಲ. ಇಂಥ ಅಂಕಿಗಳನ್ನು ಅವರು ಎಷ್ಟೋ ಕಂಡಿದ್ದರು.

"ಇವ್ರು ಮೂರರಾಗ ಎರಡು ಪಾಲು ಹೊತ್ತು ಬರೇ ನಿಂತಿರ್ತಾರ" ಎಂದರು ಸಂಜೆ. "ನಾಳೆ ಒಬ್ಬನ ಕಡೆ ಮಾಡ್ಸಿ ನೋಡೂಣು."

ಸಂಜನಾಳ ಮುಖದಲ್ಲಿ ಒಂದು ಗೆರೆ ಅಲುಗಿತು. ಆದರೂ ಕೊಟ್ಟ ಮಾತು. "ಓಕೆ" ಎಂದಳು.

ಶುಕ್ರವಾರ ಬೆಳಿಗ್ಗೆ ತಣಿಸುವ ಗೂಡು ತೆಗೆದು ಹಿಂದಿನ ದಿನದ ಹೂಜಿಗಳನ್ನು ಹೊರಗಿಟ್ಟರು. ಗಾಜನ್ನು ಬಿಸಿಯಿಂದ ನೇರ ಗಾಳಿಗೆ ತಂದರೆ ಒಡೆಯುತ್ತದೆ. ಅದಕ್ಕೇ ಈ ಗೂಡಿನಲ್ಲಿಟ್ಟು ರಾತ್ರಿಯಿಡೀ ಮೆಲ್ಲಗೆ ತಣಿಸಬೇಕು. ಹನ್ನೆರಡರಲ್ಲಿ ಒಂದರ ತಳ ಬಿರಿದಿತ್ತು. ಹಿಡಿಕೆಗಳೆಲ್ಲ ಗಟ್ಟಿ. ಗೆರ್ಲಿಂಡೆ ಒಂದೊಂದನ್ನೂ ಹಿಡಿಕೆಯಲ್ಲೇ ಹಿಡಿದೆತ್ತಿ ಹಲಗೆಯ ಮೇಲೆ ಸಾಲಾಗಿ ಜೋಡಿಸಿದಳು.

ಆಮೇಲೆ ಅವಳನ್ನು ಸೇಬಿನ ಮರದ ಕೆಳಗೆ ಸುಶೀಲಾಬಾಯಿಯ ಪಕ್ಕ ಕೂರಿಸಿದರು. ಎಕ್‌ಹಾರ್ಟ್ ಒಬ್ಬನೇ ಶುರುಮಾಡಿದ. ಮೊದಲ ಎರಡರಲ್ಲಿ ಅವನು ಎಡಗೈಯಲ್ಲಿ ಹೂಜಿ, ಬಲಗೈಯಲ್ಲಿ ಗಾಜಿನ ಸರಳು ಹಿಡಿದು ಎರಡು ಬಾಯಿಗೂ ಒಟ್ಟಿಗೆ ಕೈಚಾಚಿದ. ಒಂದು ಕಡೆ ತಿರುಗಿಸುವಾಗ ಇನ್ನೊಂದು ಕಡೆ ತಿರುಗುವುದು ನಿಂತು, ಹೂಜಿಯ ಕೊರಳು ನಿದ್ದೆಗೆ ಬಿದ್ದವರ ಕತ್ತಿನಂತೆ ವಾಲಿತು. ಬೈದು ಎರಡನ್ನೂ ಎಸೆದ. ಮೂರನೆಯದಕ್ಕೆ ಉಪಾಯ ಬದಲಿಸಿದ. ಹೂಜಿಯನ್ನು ಕಾಯಿಸಿ ಹೊರಗೆ ತಂದು, ಅದರ ಸರಳನ್ನು ತೊಡೆಯ ಮೇಲೆ ಅಡ್ಡ ಇಟ್ಟು ಎಡಗೈಯಲ್ಲಿ ಉರುಳಿಸುತ್ತಾ, ಬಲಗೈಯಿಂದ ಗಾಜು ತೆಗೆದು ತಂದು ಕೂರಿಸಿದ. ಹಿಡಿಕೆ ಬಂತು. ಹಾಗೆಯೇ ಒಟ್ಟು ಆರು ಮಾಡಿದ. ಒಂದಕ್ಕಿಂತ ಒಂದು ಚಂದ.

ಎಪ್ಪತ್ತೊಂದು ಸೆಕೆಂಡು. ಮಹಾಲಿಂಗಪ್ಪ ಹಲಗೆಯ ಮೇಲೆಯೇ ಲೆಕ್ಕ ಹಾಕಿದರು. ಇಬ್ಬರಿಂದ ಐವತ್ತೆಂಟು, ಅಂದರೆ ನೂರ ಹದಿನಾರು. ಒಬ್ಬನಿಂದ ಎಪ್ಪತ್ತೊಂದು. ನೂರಕ್ಕೆ ಮೂವತ್ತೊಂಬತ್ತು ಉಳಿತಾಯ. ಎರಡನೆಯ ಮನುಷ್ಯ ಬೇಕಿಲ್ಲ.

ಎಕ್‌ಹಾರ್ಟ್ ಆರನೆಯ ಹೂಜಿಯನ್ನು ಗೂಡಿಗಿಟ್ಟು ಇಟ್ಟಿಗೆಗಳಿಂದ ಅದರ ಬಾಯಿ ಮುಚ್ಚುತ್ತಾ, "ನಾಳೆ ನೋಡೋಣ" ಎಂದ. ಅದು ಅವನ ಆ ದಿನದ ಹತ್ತನೆಯ ಮಾತಿರಬೇಕು, ಮುಂದೆ ಏನೂ ಹೇಳಲಿಲ್ಲ. ಮಹಾಲಿಂಗಪ್ಪ ಅದನ್ನು ಹಾಳೆಯಲ್ಲಿ ಬರೆದುಕೊಳ್ಳಲಿಲ್ಲ. ನಾಳೆಗೆ ಅಲ್ಲಿ ಕಾಲಮ್ ಇರಲಿಲ್ಲ.

ಉಳಿದುಕೊಂಡಿದ್ದ ಬಾಡಿಗೆ ಮನೆಯಲ್ಲಿ ಸಂಜೆ ಊಟಕ್ಕೆ ಕುಳಿತಾಗ ಅವರು ಹಾಳೆಯನ್ನು ಮಗಳ ತಟ್ಟೆಯ ಪಕ್ಕ ಇಟ್ಟರು. ಸಂಜನಾ ಓದಿದಳು. ಎರಡನೆಯ ಸಲ ಓದಿದಳು.

"ಗೂಟ್" ಎಂದಳು. ಅವಳು ಬೇಸರವಾದಾಗ ಮಾತ್ರ ಬರೀ ಜರ್ಮನ್ ಆಡುತ್ತಿದ್ದಳು. "ದಾನ್ ಇಸ್ಟ್ ಎಸ್ ಸೋ." ಸರಿ, ಹಾಗಿದ್ದರೆ ಹಾಗೆ.

"ನಾ ಮೊದಲ ಹೇಳಿದ್ದೆ" ಎಂದರು ಮಹಾಲಿಂಗಪ್ಪ. "ಅಂಕಿ ಏನ್ ಬರ್ತದೋ—"

"ಯಾ ಅಪ್ಪಾ. ಐ ಪ್ರಾಮಿಸ್ಡ್. ಹಾಕ್ತೀನಿ."

ಅವಳು ಅಳಲಿಲ್ಲ. ಅತ್ತಿದ್ದರೆ ಸುಶೀಲಾಬಾಯಿಗೆ ಮಾಡಲು ಏನಾದರೂ ಇರುತ್ತಿತ್ತು. ಮೂರು ವರ್ಷದ ಕೆಲಸ ಒಂದು ಹಾಳೆಯ ಕೆಳಗೆ ಸತ್ತು ಬಿದ್ದಿರುವುದನ್ನು ಮೂವರೂ ನೋಡುತ್ತಾ ರೊಟ್ಟಿ ಮುರಿದರು. ಮಗಳು ಮೇಲಿನ ಕೋಣೆಗೆ ಹೋದ ಮೇಲೆ ಸುಶೀಲಾಬಾಯಿ ಬಾಯಿ ಬಿಟ್ಟರು.

"ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ. ನಿಮಗ ನಿಮಿಷಾನೂ ಬೇಕಾಗಲಿಲ್ಲ ಬಿಡ್ರಿ."

"ನಾ ಏನ್ ಮಾಡ್ಲಿ? ಆ ಹೆಣ್ಮಗಳು ಸುಮ್ನ ನಿಂತಿದ್ದು ನಾ ಕಣ್ಣಾರೆ ನೋಡೀನಿ. ಸುಳ್ಳ್ ಬರೀಲೇನು?"

"ಬೆಟಗೇರಿಯೊಳಗ ನಿಮ್ಮವ್ವ ದಿನಾ ಎಂಟು ತಾಸು ನೂಲಿನ ಕಂಡಿಕಿ ಸುತ್ತಿ ಸುತ್ತಿ ನಿಮ್ಮಪ್ಪಗ ಕೊಡತಿದ್ರು. ಅವರನ್ನ ಯಾರಾದ್ರೂ ನೇಕಾರ್ತಿ ಅಂದಾರೇನ್ರಿ? ಮಗ್ಗ ನಿಮ್ಮಪ್ಪಂದು, ಸೀರಿ ನಿಮ್ಮಪ್ಪಂದು. ಅವ್ವ ಬರೇ ಮೂಲ್ಯಾಗ ಕುಂತಿದ್ರು."

"ಅದು ಬ್ಯಾರೆ. ಅವ್ವ ಕೈ ಆಡಸ್ತಿದ್ಲು."

"ಹಂಗಾರ ಕೈ ಆಡಿಸಿದ್ರಷ್ಟ ಕೆಲಸಾ?" ಎಂದು ಕೇಳಿ ಸುಶೀಲಾಬಾಯಿ ತಟ್ಟೆಗಳನ್ನು ಎತ್ತಿಕೊಂಡು ಹೋದರು. ಉತ್ತರಕ್ಕಾಗಿ ಕೇಳಿದ ಪ್ರಶ್ನೆ ಅಲ್ಲ ಅದು. ಮಹಾಲಿಂಗಪ್ಪನವರಿಗೆ ಮಗಳ ಬಗ್ಗೆ ಸಂಕಟವಾಗುತ್ತಿತ್ತು, ತಮ್ಮ ಹಾಳೆಯ ಬಗ್ಗೆ ಸಂದೇಹವಿರಲಿಲ್ಲ. ಎರಡೂ ಒಂದೇ ಎದೆಯಲ್ಲಿ ಜಗಳವಿಲ್ಲದೆ ಮಲಗಿದವು.

ಶನಿವಾರ ಬೆಳಿಗ್ಗೆ ಎಲ್ಲರೂ ಮತ್ತೆ ತಣಿಸುವ ಗೂಡಿನ ಮುಂದೆ ಸೇರಿದರು. ಎಕ್‌ಹಾರ್ಟ್ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದ. ಆರು ಹೂಜಿಗಳೂ ಹಸಿರು ಮಿಶ್ರಿತ ನೀಲಿಯಲ್ಲಿ ಚಂದವಾಗಿಯೇ ನಿಂತಿದ್ದವು. ಗೆರ್ಲಿಂಡೆ ಎಂದಿನಂತೆ ಒಂದರ ಹಿಡಿಕೆಯನ್ನು ಹಿಡಿದು ಎತ್ತಿದಳು.

ಹಿಡಿಕೆ ಮೇಲೆ ಬಂತು. ಹೂಜಿ ಅಲ್ಲಿಯೇ ಉಳಿಯಿತು.

ಅವಳು ಹಿಡಿಕೆಯನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಹಿಡಿದಳು. ಟಿಕ್ ಎಂದು ಸಣ್ಣ ಸದ್ದಾಗಿ ಅದೂ ಕಳಚಿತು. ಮೂರನೆಯದರ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ ನೋಡಿದರೆ ಹಿಡಿಕೆಯ ಬುಡದ ಸುತ್ತ ಕೂದಲೆಳೆಯಂಥ ಬಿರುಕು. ಆರರಲ್ಲಿ ನಾಲ್ಕು ಕಳಚಿದ್ದವು, ಎರಡು ಬಿರಿದಿದ್ದವು. ಗಟ್ಟಿಯಾದದ್ದು ಒಂದೂ ಇರಲಿಲ್ಲ.

"ಹೂಜಿ ತಣ್ಣಗಾಗಿತ್ತು" ಎಂದ ಎಕ್‌ಹಾರ್ಟ್. "ನಾನು ಗಾಜು ತೆಗೆಯುವಷ್ಟು ಹೊತ್ತು ಅದು ಗಾಳಿಯಲ್ಲಿತ್ತು. ತಣ್ಣನೆಯದಕ್ಕೆ ಬಿಸಿ ಕೂರಿಸಿದರೆ ಅಂಟಿದ ಹಾಗೆ ಕಾಣುತ್ತದೆ. ಅಂಟಿರುವುದಿಲ್ಲ." ಅವನು ಅಷ್ಟು ಉದ್ದ ಮಾತಾಡಿದ್ದು ಆ ವಾರದಲ್ಲಿ ಅದೇ ಮೊದಲು.

ಸಂಜನಾ ಆಗಲೇ ಮೊಣಕಾಲೂರಿ ಕುಳಿತು, ಕಳಚಿದ ಬುಡಗಳ ಫೋಟೋ ತೆಗೆಯುತ್ತಿದ್ದಳು. "ಮ್ಯೂಸಿಯಂ ಪೀಸಸ್‌ನಾಗ ಬುಡ ಪೂರ್ತಿ ಕರಗಿ ಕೂಡಿರ್ತದ, ಅಪ್ಪಾ. ಆಲ್ ಆಫ್ ದೆಮ್. ನನ್ನ ಹತ್ರ ಟೂ ಹಂಡ್ರೆಡ್ ಫೋಟೋಸ್ ಅದಾವ. ಹೂಜಿ, ಹಿಡಿಕಿ ಎರಡೂ ಒಂದ ಟೈಮಿಗೆ ಬಿಸಿ ಇದ್ವು. ಇಬ್ರು ಇದ್ರು. ಅಪ್ಪಾ, ಇಬ್ರು ಇದ್ರು!"

ಮಹಾಲಿಂಗಪ್ಪ ಒಂದು ಹಿಡಿಕೆಯನ್ನು ಕೈಗೆ ತೆಗೆದುಕೊಂಡರು. ಅದರ ಬುಡದಲ್ಲಿ ಹೂಜಿಯ ಭುಜದಿಂದ ಸುಲಿದು ಬಂದ ಗಾಜಿನ ತೆಳು ಚಕ್ಕೆ ಇತ್ತು, ಎಂಟಾಣೆಯಷ್ಟು ಅಗಲ. ಅವರು ಗೆರ್ಲಿಂಡೆಯ ಹತ್ತಿರ ಹೋಗಿ, ಮೂವತ್ತೊಂದು ವರ್ಷದಲ್ಲಿ ಯಾರನ್ನೂ ಕೇಳದ ಪ್ರಶ್ನೆಯನ್ನು ಕೇಳಿದರು.

"ನೀವು ಆ ಮೂವತ್ತೆಂಟು ಸೆಕೆಂಡು ಏನು ಮಾಡುತ್ತೀರಿ?"

"ಆಗ ನಾನು ಇವನ ಹೂಜಿಯನ್ನು ನೋಡುತ್ತಿರುತ್ತೇನೆ" ಎಂದಳು ಗೆರ್ಲಿಂಡೆ. "ಅದರ ಭುಜ ಕಿತ್ತಳೆ ಬಣ್ಣಕ್ಕೆ ತಿರುಗುವವರೆಗೆ ನನ್ನ ಗಾಜು ಜಾರಬಾರದು, ಗಟ್ಟಿಯಾಗಲೂಬಾರದು. ಬೆರಳಲ್ಲಿ ತಿರುಗಿಸುತ್ತಾ ಇರುತ್ತೇನೆ. ಬಣ್ಣ ಬಂದ ಕೂಡಲೇ ಹೊರಡುತ್ತೇನೆ. ದೂರದಿಂದ ನಿಂತ ಹಾಗೆ ಕಾಣುತ್ತದೆ ಅಲ್ಲವೇ?" ಅವಳು ತಮಾಷೆಗೆ ಕೇಳಿದಳು. ಅವಳಿಗೆ ಅವರ ಹಾಳೆಯಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ.

ಮಗಳು ಗೆದ್ದಳು ಎಂದು ಮಹಾಲಿಂಗಪ್ಪನವರಿಗೆ ಸಂತೋಷವಾಯಿತು, ನಿಜವಾದ ಸಂತೋಷ. ಅದರ ಬೆನ್ನಿಗೇ ಹನ್ನೊಂದನೆಯ ಮೇಜು ಕಣ್ಣ ಮುಂದೆ ಬಂದು ನಿಂತಿತು.

ಹನ್ನೊಂದು ಎ ಪಂಪಿನ ಒಡಲನ್ನು ಸಿದ್ಧಮಾಡುತ್ತಿದ್ದ. ಹನ್ನೊಂದು ಬಿ, ಅಂದರೆ ಬ್ರಾಂಕೊ, ರಬ್ಬರಿನ ಉಂಗುರವನ್ನು ಬಿಸಿ ತಟ್ಟೆಯ ಮೇಲೆ ಹಿಡಿದು ನಿಂತಿರುತ್ತಿದ್ದ, ಎ ಕೈಚಾಚಿದಾಗ ಕೊಡುತ್ತಿದ್ದ. ಕಾಯುವಿಕೆ, ನಲವತ್ತೊಂದು ಸೆಕೆಂಡು. "ಹೆರ್ ಮಹಾಲಿಂಗಪ್ಪ, ನಾನು ಇದನ್ನು ಬೆಚ್ಚಗೆ ಇಡುತ್ತಿದ್ದೇನೆ" ಎಂದು ಅವತ್ತು ಬ್ರಾಂಕೊ ಹೇಳಿದ್ದ. ಅದನ್ನು ಬರೆಯಲು ಹಾಳೆಯಲ್ಲಿ ಜಾಗವಿಲ್ಲ ಎಂದು ಇವರು ಮರ್ಯಾದೆಯಿಂದಲೇ ಹೇಳಿದ್ದರು. ಬ್ರಾಂಕೊ ಹೋದ ಮೇಲೆ ಪಂಪುಗಳು ಸೋರತೊಡಗಿದವು. ಉಂಗುರ ಪೂರೈಸುವ ಕಂಪನಿಯದೇ ತಪ್ಪೆಂದು ಎರಡು ಸಲ ಕಂಪನಿಯನ್ನು ಬದಲಾಯಿಸಿದರು. ಎರಡು ಸಭೆಗಳಲ್ಲೂ ಮಹಾಲಿಂಗಪ್ಪ ಕುಳಿತಿದ್ದರು, ಏನೂ ಹೇಳಲಿಲ್ಲ. ಹೇಳಲು ಅವರಿಗೆ ಏನೂ ಹೊಳೆದಿರಲಿಲ್ಲ ಎನ್ನುವುದೂ ನಿಜವೇ.

"ಅಪ್ಪಾ, ನಿನ್ನ ಹಾಳಿ ಕೊಡು" ಎಂದು ಸಂಜನಾ ಕೈಚಾಚಿದಳು. "ಅದನ್ನ ಹಂಗ ಹಾಕ್ತೀನಿ. ಒಬ್ರದ್ದೂ, ಇಬ್ರದ್ದೂ. ಅಂಕಿ ತಿದ್ದಂಗಿಲ್ಲ."

"ತಡಿ" ಎಂದರು. ಅಂಕಿಯನ್ನು ಅವರು ತಿದ್ದಲಿಲ್ಲ. ಮೂವತ್ತೆಂಟು ಮೂವತ್ತೆಂಟಾಗಿಯೇ ಉಳಿಯಿತು. ಅದರ ಮೇಲಿದ್ದ 'ಕಾಯುವಿಕೆ' ಎಂಬ ಪದವನ್ನು ಮಾತ್ರ ಹೊಡೆದುಹಾಕಿ, 'ಹೂಜಿಯ ಬಿಸಿ ನೋಡುವುದು, ಗಾಜನ್ನು ಹದದಲ್ಲಿಡುವುದು' ಎಂದು ಬರೆದರು. ಜಾಗ ಸಾಲದೆ ಅಕ್ಷರಗಳು ಅಂಚಿಗೆ ಏರಿದವು. ಆಮೇಲೆ 'ಬಿ'ಯನ್ನೂ ಹೊಡೆದು ಗೆರ್ಲಿಂಡೆ ಎಂದು ಬರೆದರು. ಸಂಜನಾ ನೋಡಿ, ಮಡಚಿ ಚೀಲಕ್ಕೆ ಹಾಕಿಕೊಂಡಳು. ಕಳಚಿದ ಒಂದು ಹಿಡಿಕೆಯನ್ನು ಎಕ್‌ಹಾರ್ಟ್‌ನಿಂದ ಕೇಳಿ ಪಡೆದು ಮಹಾಲಿಂಗಪ್ಪ ಕಿಸೆಗೆ ಹಾಕಿಕೊಂಡರು.

ಸೋಮವಾರ ಕಾರ್ಖಾನೆಗೆ ಹೋದವರು ನೇರ ಹನ್ನೊಂದನೆಯ ಮೇಜಿಗೆ ನಡೆದರು. ಹಳೆಯ ಹಾಳೆ ತಪ್ಪೆಂದು ಬರೆದುಕೊಡುವುದೆಂದು ರೈಲಿನಲ್ಲೇ ತೀರ್ಮಾನಿಸಿದ್ದರು. ಪಿಂಚಣಿಗೆ ಇನ್ನು ಎಂಟು ತಿಂಗಳು, ಯಾರೇನು ಮಾಡಿಯಾರು? ಆ ಮೇಜಿನಲ್ಲಿ ಈಗ ಮನುಷ್ಯರು ಇರಲಿಲ್ಲ. ಎರಡು ವರ್ಷದ ಹಿಂದೆ ಅಲ್ಲಿ ಎರಡು ಯಂತ್ರದ ತೋಳುಗಳನ್ನು ಕೂರಿಸಿದ್ದು ಅವರಿಗೂ ಗೊತ್ತಿತ್ತು. ಯಂತ್ರಗಳಿಗೆ ವಾಚು ಹಿಡಿಯುವ ಕೆಲಸ ಅವರದಲ್ಲವಾದ್ದರಿಂದ ಈ ಕಡೆ ಬಂದಿರಲಿಲ್ಲ.

ಒಂದು ತೋಳು ಪಂಪಿನ ಒಡಲನ್ನು ತಿರುಗಿಸಿ ಇಡುತ್ತಿತ್ತು. ಇನ್ನೊಂದು ಉಂಗುರವನ್ನು ಬಿಸಿ ತಟ್ಟೆಯ ಮೇಲೆ ಹಿಡಿದು ನಿಂತಿತ್ತು. ಮಹಾಲಿಂಗಪ್ಪನವರ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತಿತು. ತೋಳು ಅಲುಗಲಿಲ್ಲ. ಹತ್ತು, ಇಪ್ಪತ್ತು, ಮೂವತ್ತು. ನಲವತ್ತಕ್ಕೆ ಬಗ್ಗಿ ಉಂಗುರ ಕೂರಿಸಿತು. ಬ್ರಾಂಕೊಗಿಂತ ಒಂದು ಸೆಕೆಂಡು ಕಡಿಮೆ.

"ಇದು ಯಾಕೆ ಸುಮ್ಮನೆ ನಿಲ್ಲುತ್ತದೆ?" ಎಂದು ಅಲ್ಲಿದ್ದ ಮೆಕ್ಯಾನಿಕ್‌ನನ್ನು ಕೇಳಿದರು.

"ಸುಮ್ಮನೆ ಅಲ್ಲ, ಬಿಸಿ ಮಾಡುತ್ತಿದೆ" ಎಂದ ಅವನು, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ. "ಇಲ್ಲದಿದ್ದರೆ ಸೋರುತ್ತದೆ. ಮೊದಲಿಂದಲೂ ಪ್ರೋಗ್ರಾಮಿನಲ್ಲಿ ಹಾಗೇ ಇದೆ."

ಮಹಾಲಿಂಗಪ್ಪನವರಿಗೆ ನಾಚಿಕೆಯಾಯಿತು. ಮೇಲಿನವರ ಮುಂದೆ ಆಗುವ ನಾಚಿಕೆಯಲ್ಲ ಅದು. ಸುತ್ತ ಯಾರೂ ನೋಡುತ್ತಿರಲಿಲ್ಲ, ಅವರ ಕಿವಿ ಬಿಸಿಯಾಗಿತ್ತು. ಬರೆದುಕೊಡಲೆಂದು ತಂದಿದ್ದ ಕಾಗದ ಕಿಸೆಯಲ್ಲೇ ಉಳಿಯಿತು. ತಪ್ಪನ್ನು ಆಗಲೇ ಯಾರೋ ಸರಿಮಾಡಿದ್ದರು, ಯಾರ ತಪ್ಪು ಎಂದು ಕೇಳದೆಯೇ.

ಶನಿವಾರ ಸಂತೆಯಲ್ಲಿ ಬ್ರಾಂಕೊ ಈರುಳ್ಳಿಯ ಪೆಟ್ಟಿಗೆಯ ಮುಂದೆ ಬಗ್ಗಿದ್ದ. ಇವರನ್ನು ಕಂಡು ಟೋಪಿ ಮುಟ್ಟಿದ. ಮಹಾಲಿಂಗಪ್ಪ ತಲೆಬಾಗಿ ಮುಂದೆ ಹೋಗಲಿಲ್ಲ. ಕಿಸೆಯಿಂದ ಗಾಜಿನ ಹಿಡಿಕೆ ತೆಗೆದು ಈರುಳ್ಳಿಯ ಮೇಲಿಟ್ಟು, ನಿಂತಲ್ಲಿಯೇ ಎಲ್ಲವನ್ನೂ ಹೇಳಿದರು. ಹೂಜಿ, ಗೆರ್ಲಿಂಡೆ, ಮೂವತ್ತೆಂಟು, ಕಳಚಿದ್ದು. ಆಮೇಲೆ ಯಂತ್ರದ ತೋಳು.

"ನಲವತ್ತು ಸೆಕೆಂಡು ಹಿಡಿದು ನಿಲ್ಲುತ್ತದೆ" ಎಂದರು. "ನೀವು ಹಿಡಿಯುತ್ತಿದ್ದ ಹಾಗೆಯೇ. ನಾನು ತಪ್ಪು ಬರೆದಿದ್ದೆ,  ಬ್ರಾಂಕೊ."

ಬ್ರಾಂಕೊ ಹಿಡಿಕೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಬುಡದ ಚಕ್ಕೆಯ ಮೇಲೆ ಬೆರಳಾಡಿಸಿದ.

"ಆ ಯಂತ್ರಕ್ಕೆ ವಾಚು ಹಿಡಿದಿರಾ?"

"ಹಿಡಿದೆ."

"ಕಾಯುವಿಕೆ ಅಂತ ಬರೆದಿರಾ?"

"ಇಲ್ಲ."

"ನನ್ನದನ್ನು ಬರೆದಿರಿ" ಎಂದ ಬ್ರಾಂಕೊ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹಿಡಿಕೆಯನ್ನು ಎಲ್ಲಿತ್ತೋ ಅಲ್ಲಿಯೇ ಇಟ್ಟು, ಆರಿಸಿದ್ದ ಈರುಳ್ಳಿಯನ್ನು ತೂಗಿಸಿ, ಚೀಲ ಎತ್ತಿಕೊಂಡು ಟ್ರಾಮ್ ನಿಲ್ದಾಣದ ಕಡೆಗೆ ನಡೆದ. ಈ ಸಲ ಟೋಪಿ ಮುಟ್ಟಲಿಲ್ಲ.

ಅಂಗಡಿಯವಳು ಎರಡು ಸಲ "ನಿಮಗೇನು ಬೇಕು" ಎಂದು ಕೇಳಿದಳು. ಮಹಾಲಿಂಗಪ್ಪ ಹಿಡಿಕೆಯನ್ನು ಎತ್ತಿಕೊಂಡು ಒಂದು ಕಿಲೋ ಈರುಳ್ಳಿ ಎಂದರು.